ಡಿಸ್ಕಸ್‌ಗೆ ಅಂಟಿಕೊಂಡ ಅಬೌಟ್

ಇಂಗ್ಲಿಷಿನ ಒಂದು ಪುಟ್ಟ ಪದದ ವಿಚಾರವನ್ನು ಕನ್ನಡದ ಅಧ್ಯಾಪಕನೊಬ್ಬ ಮಾತನಾಡಹೊರಟರೆ ಕೇಳುವವರಿಗೆ ಸ್ವಲ್ಪ ವಿಚಿತ್ರವೆನಿಸಬಹುದು. ಅದು ಇಂಗ್ಲಿಷ್ ಅಧ್ಯಾಪಕರಿಗೆ ಬಿಟ್ಟ ಕೆಲಸವಲ್ಲವೆ ಎಂದು ತಾವು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಇಂದು ಎತ್ತಿಕೊಂಡಿರುವ ಪದದ ಗಂಟು ಅರ್ಧ ಇಂಗ್ಲಿಷಿನಲ್ಲಿ ಬಿದ್ದಿದೆ, ಇನ್ನರ್ಧ ನಮ್ಮ ವಿಭಕ್ತಿಪ್ರತ್ಯಯಗಳಲ್ಲಿ ಬಿದ್ದಿದೆ. ಇಂಗ್ಲಿಷ್ ಅಧ್ಯಾಪಕರು ತಮ್ಮ ಕಡೆಯ ತುದಿಯನ್ನು ಹಿಡಿದು ಬಹಳ ಕಾಲದಿಂದ ಎಳೆಯುತ್ತ ಬಂದಿದ್ದಾರೆ. ಗಂಟು ಇನ್ನಷ್ಟು ಬಿಗಿದಿದೆಯೇ ಹೊರತು ಸಡಿಲಗೊಂಡಿಲ್ಲ. ಈ ಕಡೆಯ ತುದಿಯನ್ನು ನಾವು ಕೊಂಚ ಹಿಡಿದು ನೋಡೋಣ.

ಪದ ಯಾವುದೆಂದರೆ 'ಡಿಸ್ಕಸ್'. ಚರ್ಚಿಸು ಎಂಬ ಅರ್ಥದ ಕ್ರಿಯಾಪದ. ಸಂಘಸಂಸ್ಥೆಗಳ ಸಭೆಯಲ್ಲಿ ಕುಳಿತ ಐದು ನಿಮಿಷಗಳೊಳಗೆ ಯಾರಾದರೂ ಒಬ್ಬರು 'ಲೆಟ್ ಅಸ್ ಡಿಸ್ಕಸ್ ಅಬೌಟ್ ದಿಸ್ ಮ್ಯಾಟರ್' ಎನ್ನುವುದನ್ನು ತಾವು ಕೇಳಿಯೇ ಇರುತ್ತೀರಿ. ಅದೇ ಮಾತು ನಡವಳಿಯ ಪುಸ್ತಕದಲ್ಲಿ ದಾಖಲಾಗುತ್ತದೆ, ಮಿಂಚಂಚೆಯಲ್ಲಿ ಊರೂರಿಗೆ ಹೋಗುತ್ತದೆ. ಇಂಗ್ಲಿಷ್ ವ್ಯಾಕರಣದ ಪ್ರಕಾರ ಇಲ್ಲಿ 'ಅಬೌಟ್' ಸಲ್ಲದು. ಡಿಸ್ಕಸ್ ಸಕರ್ಮಕ ಧಾತು. ತನ್ನ ಕರ್ಮವನ್ನು ಅದು ನೇರವಾಗಿ ಕೈಗೆತ್ತಿಕೊಳ್ಳುತ್ತದೆ, ನಡುವೆ ದಲ್ಲಾಳಿ ಬೇಕಿಲ್ಲ. 'ಲೆಟ್ ಅಸ್ ಡಿಸ್ಕಸ್ ದಿಸ್ ಮ್ಯಾಟರ್' ಎಂದರೆ ಸಾಕು, ಸರಿ, ಪೂರ್ಣ.

ನಿಯಮ ಇಷ್ಟೇ. ಒಂದು ಸಾಲಿನಲ್ಲಿ ಮುಗಿಯುವ ಈ ನಿಯಮಕ್ಕಾಗಿ ತಮ್ಮ ಕಾಲವನ್ನು ತೆಗೆದುಕೊಳ್ಳುವುದೇಕೆ ಎಂಬುದಕ್ಕೆ ಕಾರಣ ಹೇಳಬೇಕು. ಹಲವು ವರ್ಷಗಳ ಹಿಂದೆ ಒಂದು ಕಾಲೇಜಿನ ಕನ್ನಡ ಅಧ್ಯಾಪಕರ ಆಯ್ಕೆಯ ಸಮಿತಿಯಲ್ಲಿ ನಾನಿದ್ದೆ. ಸಮಿತಿಯ ಸದಸ್ಯರೊಬ್ಬರಿಗೆ ಕನ್ನಡ ಬಾರದು. ಆದ್ದರಿಂದ ಅಭ್ಯರ್ಥಿಗಳು ಆಗಾಗ ಇಂಗ್ಲಿಷಿನಲ್ಲಿ ಉತ್ತರಿಸಬೇಕಾಗುತ್ತಿತ್ತು. ಹಳ್ಳಿಯಿಂದ ಬಂದ ತರುಣನೊಬ್ಬ ಹರಿಹರನ ರಗಳೆಗಳನ್ನು ಕುರಿತು ಬಹಳ ಸೊಗಸಾಗಿ, ಸ್ವಂತ ಓದಿನ ಬಲದಿಂದ ಮಾತನಾಡುತ್ತಿದ್ದ. ಮಾತಿನ ನಡುವೆ 'ಡಿಸ್ಕಸ್ ಅಬೌಟ್' ಎಂದ. ಆ ಸದಸ್ಯರು ಮುಗುಳ್ನಕ್ಕು, ಇಂಗ್ಲಿಷಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ ಎಂದು ತಿದ್ದಿದರು. ತಿದ್ದಿದ್ದು ಸರಿಯೇ. ಆದರೆ ಅಲ್ಲಿಂದ ಮುಂದೆ ಆ ತರುಣ ಹರಿಹರನನ್ನು ಮರೆತ. ತನ್ನ ಬಾಯಿಂದ ಹೊರಡುವ ಒಂದೊಂದು ಪದವನ್ನೂ ಕಾವಲು ಕಾಯತೊಡಗಿದ. ಉತ್ತರಗಳು ಕಿರಿದಾಗುತ್ತ ಬಂದು ಕೊನೆಗೆ ಎಸ್, ನೋ ಎಂಬಲ್ಲಿಗೆ ನಿಂತವು. ಆ ಸ್ಥಾನ ಬೇರೊಬ್ಬರಿಗೆ ಹೋಯಿತು. ಅದಕ್ಕೆ ಅಬೌಟ್ ಒಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಆ ಹುಡುಗನ ಮುಖದಿಂದ ಬೆಳಕು ಹೋದದ್ದು ಅದೇ ಕ್ಷಣದಲ್ಲಿ. ಹೀಗೆ ಹೇಳಬಾರದು ಎಂದು ಅವನಿಗೆ ಹೇಳಿದವರಿದ್ದರು. ಯಾಕೆ ಹೇಳಬಾರದು, ತನ್ನ ನಾಲಿಗೆಗೆ ಅದು ಯಾಕೆ ಬಂತು ಎಂಬುದನ್ನು ಹೇಳಿದವರು ಯಾರೂ ಇರಲಿಲ್ಲ.

ನಾಲಿಗೆಗೆ ಅದು ಬಂದದ್ದು ಕನ್ನಡದ ದಾರಿಯಿಂದ. ಕನ್ನಡದಲ್ಲಿ ನಾವು 'ಆ ವಿಷಯವನ್ನು ಚರ್ಚಿಸಿದೆವು' ಎನ್ನುತ್ತೇವೆ, 'ಆ ವಿಷಯದ ಬಗ್ಗೆ ಚರ್ಚಿಸಿದೆವು' ಎಂದೂ ಎನ್ನುತ್ತೇವೆ. ಎರಡೂ ಸಾಧು. ಆಡುಮಾತಿನಲ್ಲಿ ಎರಡನೆಯದೇ ಹೆಚ್ಚು. ಬಗ್ಗೆ ಎಂಬುದು ಮೂಲತಃ ಬಗೆಗೆ. ಬಗೆ ಎಂಬ ನಾಮಪದಕ್ಕೆ ಚತುರ್ಥಿಯ ಗೆಕಾರ ಸೇರಿ, ನಡುವಿನ ಸ್ವರ ಸವೆದು ಆದ ರೂಪ. ಈಗಲೂ ಕೆಲವು ಹಿರಿಯ ಬರಹಗಾರರು ಬಗೆಗೆ ಎಂದೇ ಬರೆಯುವುದನ್ನು ತಾವು ಗಮನಿಸಿರಬಹುದು. ಈ ಬಗ್ಗೆ ಎಂಬ ಪದ ನಮ್ಮಲ್ಲಿ ಬಹಳ ಉದಾರಿ. ಮಾತನಾಡು, ಯೋಚಿಸು, ಬರೆ, ಕೇಳು, ಚರ್ಚಿಸು, ಪ್ರಸ್ತಾಪಿಸು, ಪ್ರತಿಯೊಂದಕ್ಕೂ ಅದು ಒದಗಿಬರುತ್ತದೆ. ಇಂಗ್ಲಿಷ್ ಕಲಿಯುವ ಹುಡುಗ ಬಗ್ಗೆ ಎಂದರೆ ಅಬೌಟ್ ಎಂದು ಒಮ್ಮೆ ಬಾಯಿಪಾಠ ಮಾಡಿದನೆಂದರೆ, ಟಾಕ್ ಅಬೌಟ್, ಥಿಂಕ್ ಅಬೌಟ್, ರೈಟ್ ಅಬೌಟ್ ಎಂದು ಎಲ್ಲ ಬಾಗಿಲುಗಳೂ ತೆರೆಯುತ್ತವೆ. ಡಿಸ್ಕಸ್ ಎಂಬ ಬಾಗಿಲಿನ ಮುಂದೆ ಮಾತ್ರ ಅದೇ ಬೀಗದಕೈ ಅಪರಾಧವಾಗುತ್ತದೆ. ಅವನು ಮಾಡಿದ್ದು ತರ್ಕಬದ್ಧವಾದ ಕೆಲಸ. ತಪ್ಪು ಇರಬಹುದು, ದಡ್ಡತನ ಅದರಲ್ಲಿಲ್ಲ.

ಒಂದೇ ಕ್ರಿಯಾಪದದೊಡನೆ ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ವಿಭಕ್ತಿ ಬಂದು ಕೂರುವುದನ್ನು ನಮ್ಮ ವೈಯಾಕರಣರು ದೋಷವೆಂದು ತಳ್ಳಿಹಾಕಲಿಲ್ಲ. ಅದಕ್ಕೆ ವಿಭಕ್ತಿಪಲ್ಲಟ ಎಂಬ ಗೌರವದ ಹೆಸರನ್ನಿತ್ತರು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಇದಕ್ಕೆ ಎಡೆ ಮಾಡಿಕೊಟ್ಟಿದ್ದಾನೆ. ಇಂದಿನ ಮಾತಿನಲ್ಲಿಯೇ ನೋಡಿ: ಊರನ್ನು ಸೇರಿದ, ಊರಿಗೆ ಸೇರಿದ, ಅಷ್ಟೇ ಏಕೆ, ಪ್ರತ್ಯಯವನ್ನೇ ಬಿಟ್ಟು ಊರು ಸೇರಿದ. ಬೆಟ್ಟವನ್ನು ಹತ್ತಿದ, ಬೆಟ್ಟಕ್ಕೆ ಹತ್ತಿದ, ಬೆಟ್ಟ ಹತ್ತಿದ. ಯಾರೂ ತಡೆಯುವುದಿಲ್ಲ. ಇಂಥ ಸಡಿಲವಾದ, ಉಸಿರಾಡಲು ಅವಕಾಶವಿರುವ ಮನೆಯಲ್ಲಿ ಬೆಳೆದವರು ನಾವು. ಇಂಗ್ಲಿಷಿನ ಮನೆಯೊಳಗೆ ಕಾಲಿಟ್ಟಾಗ ಅಲ್ಲಿ ಪ್ರತಿಯೊಂದು ಕುರ್ಚಿಗೂ ಹೆಸರು ಬರೆದಿಟ್ಟಿರುವುದನ್ನು ಕಂಡು ತಬ್ಬಿಬ್ಬಾಗುತ್ತೇವೆ.

ಆ ಮನೆ ಮೊದಲಿನಿಂದಲೂ ಹಾಗಿರಲಿಲ್ಲ ಎಂಬುದು ಸ್ವಾರಸ್ಯದ ಸಂಗತಿ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಮ್ಮಲ್ಲಿರುವಂತೆಯೇ ನಾಮಪದಗಳಿಗೆ ವಿಭಕ್ತಿಪ್ರತ್ಯಯಗಳಿದ್ದವು. ಮುಂದಿನ ಕೆಲವು ಶತಮಾನಗಳಲ್ಲಿ ಆ ಪ್ರತ್ಯಯಗಳು ಒಂದೊಂದಾಗಿ ಸವೆದುಹೋದವು. ಹಿ, ಹಿಸ್, ಹಿಮ್ ಎಂಬ ಸರ್ವನಾಮಗಳಲ್ಲಿ ಅವುಗಳ ಅವಶೇಷವನ್ನು ಇಂದಿಗೂ ಕಾಣಬಹುದು. ಪ್ರತ್ಯಯಗಳು ಮಾಡುತ್ತಿದ್ದ ಕೆಲಸದ ಬಹುಪಾಲು ನಾಮಪದದ ಹಿಂದೆ ನಿಲ್ಲುತ್ತಿದ್ದ ಚಿಕ್ಕಪುಟ್ಟ ಅವ್ಯಯಗಳ ಪಾಲಿಗೆ ಬಂತು. ಇವೇ ಪ್ರೆಪೊಸಿಷನ್‌ಗಳು. ಯಾವ ಕ್ರಿಯಾಪದಕ್ಕೆ ಯಾವ ಪ್ರೆಪೊಸಿಷನ್ ಎಂಬುದನ್ನು ತೀರ್ಮಾನಿಸಿದ್ದು ಹೆಚ್ಚಿನ ಸಂದರ್ಭಗಳಲ್ಲಿ ರೂಢಿ; ತರ್ಕ ಅದರ ಹಿಂದೆ ಕುಂಟುತ್ತ ಬಂದಿದೆ. ನಮ್ಮ ಶಾಲೆಗಳಲ್ಲಿ ತಲೆಮಾರುಗಳ ಕಾಲ ಆಳಿದ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ಇಂಥ ಜೋಡಿಗಳ ಉದ್ದುದ್ದ ಪಟ್ಟಿಗಳಿವೆ. ಪಟ್ಟಿ ಕೊಟ್ಟ ರೆನ್ ಮಹಾಶಯರು 'ಬೋ ಜೆಸ್ಟ್' ಎಂಬ ಸಾಹಸದ ಕಾದಂಬರಿಯನ್ನೂ ಬರೆದವರು. ಆ ಸಾಹಸದಲ್ಲಿ ಒಂದಿಷ್ಟನ್ನು ಪಟ್ಟಿಗೂ ಬೆರೆಸಿದ್ದರೆ ಮಕ್ಕಳ ಮೇಲೆ ಉಪಕಾರವಾಗುತ್ತಿತ್ತು.

ಈಗ ಡಿಸ್ಕಸ್ ಎಂಬ ಪದದ ಹೊಟ್ಟೆಯೊಳಗೆ ಏನಿದೆ ನೋಡೋಣ. ಇದು ಲ್ಯಾಟಿನ್ ಮೂಲದ್ದು. ಅಲ್ಲಿ 'ಡಿಸ್' ಎಂದರೆ ಬೇರೆಬೇರೆಯಾಗಿ, ಚದುರುವಂತೆ. 'ಕ್ವಾಟೆರೆ' ಎಂದರೆ ಅಲುಗಿಸು, ಬಡಿ. ಎರಡೂ ಕೂಡಿ 'ಡಿಸ್ಕುಟೆರೆ' ಆಯಿತು. ತಾಳವಾದ್ಯಗಳಿಗೆ ಹೇಳುವ ಪರ್ಕಷನ್, ತಲೆಗೆ ಪೆಟ್ಟು ಬಿದ್ದಾಗ ವೈದ್ಯರು ಹೇಳುವ ಕನ್‌ಕಷನ್, ಇವೆರಡೂ ಇದರ ದಾಯಾದಿಗಳು. ಇಂಗ್ಲಿಷಿಗೆ ಬಂದ ಮೇಲೂ ಬಹಳ ಕಾಲ ಈ ಕ್ರಿಯಾಪದಕ್ಕೆ ಚದುರಿಸು ಎಂಬ ಅರ್ಥವಿತ್ತು. ಬಾವನ್ನು ಕರಗಿಸುವ ಔಷಧದ ವಿಚಾರದಲ್ಲಿಯೂ ವೈದ್ಯರು ಇದನ್ನೇ ಬಳಸುತ್ತಿದ್ದರು. ಸ್ಯಾಮ್ಯುಯೆಲ್ ಜಾನ್ಸನ್ನನ 1755ರ ನಿಘಂಟಿನಲ್ಲಿ ವಿಷಯವನ್ನು ಪರೀಕ್ಷಿಸು ಎಂಬ ಅರ್ಥದ ಜೊತೆಗೆ ಇದೂ ಇದೆ. ಅಂದರೆ ಡಿಸ್ಕಸ್ ಮಾಡುವುದೆಂದರೆ ವಿಷಯವೊಂದನ್ನು ಹಿಡಿದು ಅಲುಗಿಸಿ, ಕಾಳು ಬೇರೆ ಜೊಳ್ಳು ಬೇರೆ ಮಾಡುವುದು. ನಮ್ಮ ಹೆಂಗಸರು ಮೊರದಲ್ಲಿ ಅಕ್ಕಿಯನ್ನು ಕೇರುವ ಹಾಗೆ. ಅಕ್ಕಿಯನ್ನು ಕೇರುತ್ತಾರೆ, ಅಕ್ಕಿಯ ಬಗ್ಗೆ ಕೇರುವುದಿಲ್ಲ.

ಅಬೌಟ್ ಎಂಬುದರ ಹುಟ್ಟು ಇದಕ್ಕೆ ನೇರ ವಿರುದ್ಧ ದಿಕ್ಕಿನದು. ಅದು ಅಚ್ಚ ಹಳೆಯ ಇಂಗ್ಲಿಷ್ ಪದ. ಹೊರಮೈಯಲ್ಲಿ, ಹೊರಗಡೆ ಸುತ್ತ ಎಂಬ ಅರ್ಥದ ತುಂಡುಗಳು ಸೇರಿ ಆದದ್ದು. ಇಂದಿಗೂ ಗಂಟೆ ಹತ್ತರ ಆಸುಪಾಸು ಎನ್ನಲು, ಸುಮ್ಮನೆ ಅತ್ತಿತ್ತ ಅಲೆದಾಡಿದರು ಎನ್ನಲು ಅದನ್ನು ಬಳಸುವಾಗ ಆ ಸುತ್ತು ಕಾಣುತ್ತದೆ. ಒಂದು ಪದ ವಿಷಯದ ಕೊರಳಪಟ್ಟಿ ಹಿಡಿಯುತ್ತದೆ, ಇನ್ನೊಂದು ವಿಷಯದ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಎರಡನ್ನೂ ಜೋಡಿಸಿದರೆ, ಅಕ್ಕಿಯನ್ನು ಒಂದು ಕಡೆಗಿಟ್ಟು ಅದರ ಸುತ್ತ ಬರಿಯ ಮೊರವನ್ನು ಕೇರಿದಂತಾಗುತ್ತದೆ. ನಮ್ಮ ಎಷ್ಟೋ ಸಭೆಗಳಲ್ಲಿ ನಡೆಯುವುದು ನಿಜವಾಗಿಯೂ ಅದೇ ಎಂದು ಯಾರಾದರೂ ವಾದಿಸಿದರೆ, ಅಲ್ಲಿಗೆ ಮಾತ್ರ 'ಡಿಸ್ಕಸ್ ಅಬೌಟ್' ಸರಿಯಾದ ಪ್ರಯೋಗವೆಂದು ಒಪ್ಪಿಬಿಡೋಣ.

ಇಲ್ಲಿ ಇನ್ನೊಂದು ಮಾತು. ಪ್ರೆಪೊಸಿಷನ್ ಎಂಬುದಕ್ಕೆ ಕೆಲವರು ಉಪಸರ್ಗ ಎಂದು ಅನುವಾದ ಮಾಡುವುದುಂಟು. ನನಗೆ ಅದು ಅಷ್ಟು ಸಮ್ಮತವಲ್ಲ. ಸಂಸ್ಕೃತದ ಉಪಸರ್ಗ ಧಾತುವಿಗೆ ಅಂಟಿಕೊಂಡು ಅದರ ಅರ್ಥವನ್ನೇ ತಿರುಗಿಸುವಂಥದು: ಆಹಾರ, ವಿಹಾರ, ಸಂಹಾರ, ಪ್ರಹಾರ. ಆ ಲೆಕ್ಕದಲ್ಲಿ ಡಿಸ್ಕಸ್‌ನೊಳಗಿನ 'ಡಿಸ್' ನಿಜವಾದ ಉಪಸರ್ಗ. ಹೀಗೆ ಒಳಗೊಂದು ಇರುವಾಗ ಹೊರಗೆ ಇನ್ನೊಂದೇಕೆ ಎಂದು ವಿದ್ಯಾರ್ಥಿ ನೆನಪಿಟ್ಟುಕೊಂಡರೆ ಅನುಕೂಲ. ಇದು ನೆನಪಿಗೊಂದು ಊರುಗೋಲಷ್ಟೆ, ಶಾಸ್ತ್ರವಲ್ಲ. ಒಳಗೊಂದು ಹೊರಗೊಂದು ಇಟ್ಟುಕೊಂಡ ಕ್ರಿಯಾಪದಗಳೂ ಇಂಗ್ಲಿಷಿನಲ್ಲಿ ಬೇಕಾದಷ್ಟಿವೆ. ಇನ್ನು ನಮ್ಮ ಚರ್ಚೆ ಎಂಬ ಪದವನ್ನು ಕೇಳುವುದಾದರೆ, ಸಂಸ್ಕೃತದ ಚರ್ಚಾ ಎಂಬುದಕ್ಕೆ ಮತ್ತೆಮತ್ತೆ ಪಠಿಸುವುದು, ವಿಚಾರಿಸುವುದು ಎಂಬ ಅರ್ಥಗಳ ಜೊತೆಗೆ ಮೈಗೆ ಲೇಪಿಸುವುದು ಎಂಬ ಅರ್ಥವೂ ಇದೆ. ಗಂಧಚರ್ಚಿತ ಎಂದರೆ ಗಂಧ ಪೂಸಿದ್ದು. ಅವರು ಅಲುಗಿಸಿ ನೋಡಿದರು, ನಾವು ಸವರಿ ನೋಡಿದೆವು. ಎರಡು ನಾಡುಗಳ ಸ್ವಭಾವವನ್ನು ಇದರಿಂದ ಅಳೆಯಲು ಹೊರಡುವುದು ಬೇಡ.

ದೋಷವನ್ನೆಲ್ಲ ಕನ್ನಡದ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಬಗ್ಗೆ ಎಂಬ ಪದದ ಗಾಳಿಯೇ ಸೋಕದ ನೈಜೀರಿಯ, ಕೀನ್ಯ, ಸಿಂಗಪುರಗಳ ಇಂಗ್ಲಿಷಿನಲ್ಲಿಯೂ ಡಿಸ್ಕಸ್ ಅಬೌಟ್ ಧಾರಾಳವಾಗಿ ಕೇಳಿಬರುತ್ತದೆ. ಏಕೆಂದರೆ ಇಂಗ್ಲಿಷೇ ಇಲ್ಲೊಂದು ಗುಂಡಿಯನ್ನು ತೋಡಿಟ್ಟಿದೆ. ಡಿಸ್ಕಷನ್ ಎಂಬ ನಾಮಪದಕ್ಕೆ ಅಬೌಟ್ ಬೇಕು. 'ವಿ ಹ್ಯಾಡ್ ಎ ಡಿಸ್ಕಷನ್ ಅಬೌಟ್ ದಿ ಮ್ಯಾಟರ್' ಎನ್ನುವುದು ಶುದ್ಧ ಇಂಗ್ಲಿಷ್. ನಾಮಪದಕ್ಕೆ ಬೇಕಾದದ್ದು ಅದರ ತಾಯಿಯಾದ ಕ್ರಿಯಾಪದಕ್ಕೆ ಬೇಡವೆಂದರೆ ಪರಭಾಷೆಯವನು ಹೇಗೆ ಊಹಿಸಬೇಕು? ಒತ್ತಿಹೇಳು ಎಂಬರ್ಥದ ಎಂಫಸೈಸ್, ಕೇಳಿಕೋ ಎಂಬರ್ಥದ ರಿಕ್ವೆಸ್ಟ್, ತರಿಸು ಎಂಬರ್ಥದ ಆರ್ಡರ್, ಇವೆಲ್ಲವೂ ಇದೇ ಜಾತಿಯವು. ನಾಮಪದವಾಗಿ ನಿಂತಾಗ ಆನ್ ಅಥವಾ ಫಾರ್ ಅವುಗಳ ಹಿಂದೆ ಬರುತ್ತದೆ. ಕ್ರಿಯಾಪದವಾಗಿ ಎದ್ದುನಿಂತೊಡನೆ ಅದನ್ನು ಕೊಡವಿಬಿಡುತ್ತವೆ.

ಸಂದೇಹ ಬಂದಾಗ ಮಾಡಬಹುದಾದ ಒಂದು ಪರೀಕ್ಷೆಯುಂಟು. ವಾಕ್ಯವನ್ನು ಕರ್ಮಣಿಗೆ ತಿರುಗಿಸಿ. 'ದಿ ಮ್ಯಾಟರ್ ವಾಸ್ ಡಿಸ್ಕಸ್ಡ್' ಎಂದು ಎಲ್ಲರೂ ಹೇಳುತ್ತಾರೆ; ಡಿಸ್ಕಸ್ ಅಬೌಟ್ ಎನ್ನುವವರೂ ಇಲ್ಲಿ ಕೊನೆಗೊಂದು ಅಬೌಟ್ ಸೇರಿಸುವುದಿಲ್ಲ. ಆದರೆ ಟಾಕ್ ಎಂಬುದನ್ನು ಹೀಗೆ ತಿರುಗಿಸಿದರೆ 'ವಾಸ್ ಟಾಕ್ಡ್ ಅಬೌಟ್' ಎಂದೇ ಹೇಳಬೇಕಾಗುತ್ತದೆ, ಅಬೌಟ್ ಉದುರುವುದಿಲ್ಲ. ಉದುರದಿದ್ದರೆ ಅದು ಕ್ರಿಯಾಪದದ ನಿಜವಾದ ಸಂಗಾತಿ, ಉದುರಿದರೆ ಕರೆಯದೆ ಬಂದ ನೆಂಟ. ಮ್ಯಾರಿ, ಎಂಟರ್, ರೀಚ್ ಎಂಬ ಪದಗಳಿಗೂ ಈ ಪರೀಕ್ಷೆ ಸಾಕಷ್ಟು ಒಗ್ಗುತ್ತದೆ. ಎಂಟರ್ ಎನ್ನುವಲ್ಲಿ ನಮ್ಮ ಹಳಗನ್ನಡವೂ ಇಂಗ್ಲಿಷಿನ ಪಕ್ಷವನ್ನೇ ವಹಿಸುತ್ತದೆ: ಪುರಮಂ ಪೊಕ್ಕಂ ಎಂಬಲ್ಲಿ ಇರುವುದು ದ್ವಿತೀಯೆ. ಕೋಣೆಯೊಳಕ್ಕೆ ಹೊಕ್ಕ ಎಂಬ ಇಂದಿನ ಕನ್ನಡವನ್ನು ಬಿಟ್ಟು ಕೋಣೆಯನ್ನು ಹೊಕ್ಕ ಎಂಬ ಹಳೆಯ ಜಾಡನ್ನು ಹಿಡಿದರೆ 'ಎಂಟರ್ಡ್ ದಿ ರೂಮ್' ತಾನಾಗಿ ಬರುತ್ತದೆ.

ಹಾಗಾದರೆ ಕನ್ನಡದಲ್ಲಿ ದ್ವಿತೀಯೆ ಹೊಂದುವ ಕಡೆಯೆಲ್ಲ ಇಂಗ್ಲಿಷಿನಲ್ಲಿ ಪ್ರೆಪೊಸಿಷನ್ ಬೇಡವೆ ಎಂದರೆ, ಆ ಸುಖವೂ ನಮಗಿಲ್ಲ. ಸಂಗೀತವನ್ನು ಕೇಳುತ್ತೇವೆ, ಇಂಗ್ಲಿಷಿನಲ್ಲಿ ಲಿಸನ್ ಎಂಬುದಕ್ಕೆ 'ಟು' ಬೇಕು. ಸ್ನೇಹಿತನನ್ನು ಕಾಯುತ್ತೇವೆ, ವೇಟ್ ಎಂಬುದಕ್ಕೆ 'ಫಾರ್' ಬೇಕು. ಚಂದ್ರನನ್ನು ನೋಡುತ್ತೇವೆ, ಲುಕ್ ಎಂಬುದಕ್ಕೆ 'ಅಟ್' ಬೇಕು. ಇನ್ನು ಕೋಪದ ಪಾಡು ಬೇರೆ. ನಮ್ಮಲ್ಲಿ ಕೋಪ ಯಾವಾಗಲೂ ಒಬ್ಬರ ಮೇಲೆ ಬರುವಂಥದು; ಆದ್ದರಿಂದ ನಮ್ಮ ಮಕ್ಕಳು 'ಆಂಗ್ರಿ ಆನ್ ಮಿ' ಎನ್ನುತ್ತಾರೆ. ಇಂಗ್ಲಿಷರ ಕೋಪ ಮೇಲೆ ಏರಿ ಕೂರುವುದಿಲ್ಲ. ವ್ಯಕ್ತಿಯಾದರೆ 'ವಿತ್' ಅಥವಾ 'ಅಟ್', ಸಂಗತಿಯಾದರೆ 'ಅಬೌಟ್' ಅಥವಾ 'ಅಟ್'. ಕೋಪದಲ್ಲಿಯೂ ಎದುರಾಳಿಯ ಜೊತೆಗಿರುವ ವಿತ್ ನನಗೆ ಹಿಡಿಸುತ್ತದೆ.

ಒಂದೆರಡು ಕಡೆ ಮಾತ್ರ ಕನ್ನಡವೇ ದಾರಿ ತೋರುತ್ತದೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಎಂಬ ಲ್ಯಾಟಿನ್ ತಾರತಮ್ಯದ ಪದಗಳಿಗೆ 'ದ್ಯಾನ್' ಹೊಂದದು, 'ಟು' ಬೇಕು. ನನಗಿಂತ ಹಿರಿಯ ಎಂಬುದನ್ನು ಅನುವಾದಿಸುವವನು 'ಸೀನಿಯರ್ ದ್ಯಾನ್ ಮಿ' ಎಂದುಬಿಡುತ್ತಾನೆ. ಆದರೆ ನನಗಿಂತ ಎಂಬುದನ್ನು ಬಿಡಿಸಿ ನೋಡಿ: ನನಗೆ, ಇಂತ. ಒಳಗೆ ಗೆಕಾರ ಅವಿತು ಕುಳಿತಿದೆ. ಆ ಗೆಕಾರವೇ ಇಂಗ್ಲಿಷಿನ ಟು ಎಂದು ಹೇಳಿಕೊಟ್ಟ ಮೇಲೆ ಈ ತಪ್ಪನ್ನು ಮತ್ತೆ ಮಾಡಿದ ವಿದ್ಯಾರ್ಥಿಗಳನ್ನು ನಾನು ಕಂಡದ್ದು ಅಪರೂಪ. ಬೈದಾಗ ಹೋಗದ ತಪ್ಪು ತನ್ನ ಭಾಷೆಯೊಳಗಿನ ಬೆಳಕಿನಲ್ಲಿ ಹೋಗುವುದುಂಟು.

ಇವೆಲ್ಲದರಲ್ಲಿ ಎಷ್ಟು ಕಟ್ಟುನಿಟ್ಟು ಬೇಕು? 'ಡಿಫರೆಂಟ್' ಎಂಬುದರ ಮುಂದೆ 'ಫ್ರಮ್' ಮಾತ್ರ ಬರಬೇಕು, 'ಟು' ಬರಕೂಡದು ಎಂದು ಹಟ ಹಿಡಿದವರನ್ನು ಹೆನ್ರಿ ಫೌಲರ್ ತನ್ನ 1926ರ ಪ್ರಯೋಗಕೋಶದಲ್ಲಿ ಮೂಢನಂಬಿಕೆಯವರ ಸಾಲಿಗೆ ಸೇರಿಸಿದ. ಇಂಗ್ಲಿಷ್ ತಾಯ್ನುಡಿಯವರೇ ಅಲ್ಲಿ ಟು ಎನ್ನುತ್ತಾರೆ, ಅಮೆರಿಕದವರು ದ್ಯಾನ್ ಎನ್ನುತ್ತಾರೆ. 'ಕಂಪ್ರೈಸ್' ಎಂಬುದಕ್ಕೆ 'ಆಫ್' ಹಚ್ಚುವವರೂ ಆ ನಾಡುಗಳಲ್ಲಿ ಕಡಿಮೆಯೇನಿಲ್ಲ; 'ಕನ್ಸಿಸ್ಟ್ ಆಫ್' ಎಂಬುದರ ನೆರಳು ಅದರ ಮೇಲೆ ಬಿದ್ದಿದೆ. ಹೀಗೆ ಮನೆಯವರೇ ಜಗಳವಾಡುತ್ತಿರುವ ಕಡೆ ನಾವು ನ್ಯಾಯಾಧೀಶರಾಗುವುದು ಬೇಡ. ಡಿಸ್ಕಸ್ ಅಬೌಟ್ ವಿಚಾರದಲ್ಲಿ ಆ ಜಗಳವಿಲ್ಲ. ಅಚ್ಚಾದ ಒಳ್ಳೆಯ ಇಂಗ್ಲಿಷ್ ಅದನ್ನು ಒಪ್ಪಿಲ್ಲ. ಅರ್ಜಿ ಬರೆಯುವ ಹುಡುಗಿ, ಸಂದರ್ಶನಕ್ಕೆ ಹೋಗುವ ಹುಡುಗ ಅದನ್ನು ಬಿಡುವುದೇ ಕ್ಷೇಮ. ಆದರೆ ಇಬ್ಬರು ಗೆಳೆಯರು ಮಾತನಾಡುವಾಗ ಒಬ್ಬನ ಬಾಯಲ್ಲಿ ಅದು ಬಂದರೆ ನಡುವೆ ಬಾಯಿ ಹಾಕುವುದು ವ್ಯಾಕರಣವಲ್ಲ, ಒರಟುತನ.

ಹೀಗೆ ನಗುವ ಬಹಳಷ್ಟು ಮಂದಿ ತಮ್ಮ ಕನ್ನಡವನ್ನು ಕನ್ನಡಿಯಲ್ಲಿ ನೋಡಿಕೊಂಡವರಲ್ಲ. 'ನಾನು ನಿಮ್ಮೊಂದಿಗೆ ಒಪ್ಪುತ್ತೇನೆ' ಎಂಬ ವಾಕ್ಯವನ್ನು ವಿದ್ಯಾವಂತರ ಬಾಯಲ್ಲಿ ಈಗ ಕೇಳುತ್ತೇವೆ. ಕನ್ನಡದಲ್ಲಿ ನಿಮ್ಮ ಮಾತನ್ನು ಒಪ್ಪಬಹುದು, ನಿಮ್ಮ ಮಾತಿಗೆ ಒಪ್ಪಬಹುದು. ನಿಮ್ಮೊಂದಿಗೆ ಒಪ್ಪುವುದು 'ಅಗ್ರೀ ವಿತ್' ಎಂಬುದರ ಕೊಡುಗೆ. ಪತ್ರಿಕೆಗಳಲ್ಲಿ ಆಯವ್ಯಯದ ಮೇಲೆ ಚರ್ಚೆ ನಡೆಯುತ್ತದೆ, ನಿರ್ಣಯದ ಮೇಲೆ ಚರ್ಚೆ ನಡೆಯುತ್ತದೆ. ಈ 'ಮೇಲೆ', ಇಂಗ್ಲಿಷಿನ 'ಆನ್' ಎಂಬುದರ ಹೆಜ್ಜೆಗುರುತೆಂದೇ ನನಗೆ ತೋರುತ್ತದೆ. ನಮ್ಮ ಬಗ್ಗೆ ಅಲ್ಲಿಗೆ ಹೋಗಿ ನಗೆಪಾಟಲಾಯಿತು. ಅವರ ಆನ್ ಇಲ್ಲಿಗೆ ಬಂದು ತಲೆಬರಹದಲ್ಲಿ ಕುಳಿತಿತು. ಅದನ್ನು ಆಕ್ಷೇಪಿಸಿ ಸಂದರ್ಶನದಲ್ಲಿ ಯಾರೂ ಯಾರನ್ನೂ ತಡೆದದ್ದನ್ನು ನಾನು ಕಂಡಿಲ್ಲ.

ಡಿಸ್ಕಸ್ ಆದ ಮೇಲೆ ಪ್ರೆಪೊಸಿಷನ್ ಸುಳಿಯಲೇಕೂಡದು ಎಂದು ಮಾತ್ರ ತಿಳಿಯಬೇಡಿ. 'ಲೆಟ್ ಅಸ್ ಡಿಸ್ಕಸ್ ಇಟ್ ಓವರ್ ಕಾಫಿ' ಎನ್ನಬಹುದು. ಅಲ್ಲಿ ಚರ್ಚೆಯ ವಿಷಯ ಬೇರೆಯೇ ಇದೆ, ಕಾಫಿ ಬರಿಯ ಸಾಕ್ಷಿ. ಅದನ್ನು ಕಾಫಿಯ ಮೇಲೆ ಚರ್ಚೆ ಎಂದು ಅನುವಾದಿಸಿದ ಬರಹವೊಂದನ್ನು ಈಚೆಗೆ ಓದಿದೆ. ಕಾಫಿ ಕುಡಿಯುತ್ತ ಮಾತನಾಡೋಣ ಎಂದರೆ ಆಗುತ್ತಿತ್ತು.